ಲಕ್ಷ್ಮಮ್ಮನ ಮಗುವಿನ ಕಾಲ್ಕಡಗ

ಐವತ್ತಾರನೇ ಇಸವಿಯ ಮಾತು. ಮೈಸೂರಿನ ನಮ್ಮ ಅಂಗಡಿಯಲ್ಲಿ ನಾನು ಬೆಳ್ಳಿ ತಗಡನ್ನು ಅಚ್ಚಿಗೆ ಬಡಿದು, ಎರಡು ಹೋಳು ಬೆಸೆದು, ಮಕ್ಕಳಿಗೆ ಪೊಳ್ಳು ಕಾಲ್ಕಡಗ ಮಾಡುತ್ತಿದ್ದೆ. ಮಗು ಓಡಾಡಿ ಬಿದ್ದರೆ ಅವು ನೆಗ್ಗುತ್ತವೆ.

ಕೆಸರೆಯ ಲಕ್ಷ್ಮಮ್ಮನ ಮಗು ಬೋರಲು ಬೀಳುವ ಮೊದಲೇ ತೀರಿಕೊಂಡಿತ್ತು. ಎರಡು ವರ್ಷ ಕಳೆದ ಮೇಲೆ, ಒಂದು ಮಧ್ಯಾಹ್ನ, ಆಕೆ ಅದರ ಕಡಗ ತಂದರು. ಅವುಗಳ ಮೈತುಂಬ ನೆಗ್ಗುಗಳಿದ್ದವು. ಈಗಷ್ಟೇ ಕಾಲಿಂದ ಬಿಚ್ಚಿದ ಹಾಗೆ ಬೆಚ್ಚಗಿದ್ದವು.

“ನೆಗ್ಗು ತೆಗೆದುಕೊಡ್ಲಾ ಅಮ್ಮ?” ಎಂದೆ.

“ಬ್ಯಾಡಿ ಆಚಾರ್ರೇ. ಒಂಚೂರು ದೊಡ್ಡದು ಮಾಡ್ಕೊಡಿ. ಮಗೀಗೆ ಬಿಗಿಯಾಯ್ತದೆ, ಅಳ್ತದೆ.”

ಹಳೆಯದನ್ನು ಕರಗಿಸಿ, ಬೆಳ್ಳಿ ಸೇರಿಸಿ, ದೊಡ್ಡ ಜೋಡಿ ಮಾಡಿ, ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಮರುದಿನ ಆಕೆಗೆ ಕೊಡಲು ತೆಗೆದೆ. ಬೆಚ್ಚಗಿದ್ದವು. ಒಂದರಲ್ಲಿ ಆಗಲೇ ನೆಗ್ಗು ಬಿದ್ದಿತ್ತು.