ಕ್ಯಾಮೆರಾದ ಮುಂದೆ ಆಣೆ

"ಎಲ್ಲವ್ಳೆ ಆ ಹುಡ್ಗಿ? ಮಾಗಡಿನಾ?"

 ನನ್ನ ಕೈಗಳನ್ನು ಕುರ್ಚಿಗೆ ಬಿಗಿದಿದ್ದರು. ಎದುರಿಗೆ ಕ್ಯಾಮೆರಾ, ಪಕ್ಕದಲ್ಲಿ ಟಿವಿ. ಪರದೆಯ ಮೇಲೆ ನನ್ನ ಮುಖ, ಸುತ್ತ ಹಸಿರು ಚೌಕ, ಅದರ ಮೇಲೆ ನನ್ನ ಎದೆಬಡಿತ... 112.

ಕನಕಪುರದ ಆ ಕಲ್ಲು ಕ್ವಾರಿಗೆ ಕೂಲಿಗಳ ಆರೋಗ್ಯ ನೋಡಲೆಂದು ತಂದ ಮಿಷನ್ ಅದು ಸ್ವಾಮಿ. ಮೈ ಮುಟ್ಟುವುದಿಲ್ಲ. ಮುಖದ ಬಣ್ಣ ನೋಡಿಯೇ ನಾಡಿ ಹೇಳುತ್ತದೆ! ಓನರ್ ಅನಂತರಾಜು ಅದಕ್ಕೆ ಬೇರೆ ಕೆಲಸ ಕೊಟ್ಟಿದ್ದ.

"ನೀನು ಮಾತಾಡ್ಬ್ಯಾಡ ಇಸ್ರಾರ್. ನಿನ್ ಎದೆನೇ ಹೇಳ್ತದೆ. ರಾಮನಗರಾನಾ?"

114.

ಅವನಿಗೆ ಬೇಕಾಗಿದ್ದವಳು ಚೈತ್ರಾ. ಕ್ವಾರಿ ಆಫೀಸಿನ ಹುಡುಗಿ. ಕೆಳಗೆ ಕೂಲಿ ಸಿದ್ದಯ್ಯ ಇದ್ದಾನೆ ಎಂದು ಅವಳು ಕೂಗಿದರೂ ಅನಂತರಾಜು ಬಂಡೆ ಬ್ಲಾಸ್ಟ್ ಮಾಡಿಸಿದ್ದ; ಸಿದ್ದಯ್ಯ ಸತ್ತ. ನಾಳೆ ಕೋರ್ಟಿನಲ್ಲಿ ಅವಳ ಸಾಕ್ಷಿ. ಬಚ್ಚಿಟ್ಟವನು ನಾನು.

"ಚನ್ನಪಟ್ಟಣಾನಾ?"

ಚಿಕ್ಕಮ್ಮನ ಬೊಂಬೆ ಅಂಗಡಿಯ ಹಿಂದಿನ ಕೋಣೆ ಕಣ್ಣಮುಂದೆ ಬಂತು... ಬೇಡ, ನೆನೆಯಬೇಡ!

139.

"ದಯವಿಟ್ಟು ವಿಶ್ರಾಂತಿ ತೆಗೆದುಕೊಳ್ಳಿ," ಎಂದಿತು ಮಿಷನ್, ಇಂಪಾದ ಹೆಣ್ಣುದನಿಯಲ್ಲಿ.

ಅನಂತರಾಜು ನಕ್ಕ. "ಅಶ್ವಥ್, ಜೀಪ್ ತೆಗಿ. ಇವನ ಚಿಕ್ಕಮ್ಮ ಇರೋದು ಅಲ್ಲೇಯ."

  ಬಾಗಿಲಲ್ಲಿ ನಿಂತಿದ್ದ ಅಶ್ವಥ್ ಸತ್ತ ಸಿದ್ದಯ್ಯನ ತಮ್ಮ. ಅಣ್ಣನದು ಆಕ್ಸಿಡೆಂಟ್ ಎಂದು ನಂಬಿ, ಇನ್ನೂ ಅದೇ ಓನರ್ ಬಳಿ ದುಡಿಯುತ್ತಿದ್ದವನು.

ಉಳಿದಿದ್ದು ಒಂದೇ ದಾರಿ.

"ಸಾರ್... ಸಿದ್ದಯ್ಯ ಕೆಳಗವ್ನೆ ಅಂತ ಗೊತ್ತಿರ್ಲಿಲ್ಲ ಅಂತ ಕಬ್ಬಾಳಮ್ಮನ ಮೇಲೆ ಆಣೆ ಮಾಡಿ!"

"ಲೇ, ಅವ್ಳು ನಿನ್ ದೇವ್ರೇನ್ಲಾ?"

"ನಂದಲ್ಲ, ನಿಮ್ದು. ಅದಕ್ಕೇ ಕೇಳ್ತಿರೋದು."

ಈ ಸೀಮೆಯಲ್ಲಿ ಕೋರ್ಟಿನಲ್ಲಿ ಸುಳ್ಳು ಹೇಳುವವರು ಬೇಕಾದಷ್ಟು. ಕಬ್ಬಾಳಮ್ಮನ ಹೆಸರಲ್ಲಿ ಹೇಳುವವರು ಕಮ್ಮಿ.

ಅಶ್ವಥ್ ತಿರುಗಿ ನಿಂತ. "ಮಾಡ್ಬುಡಿ ಯಜಮಾನ್ರೇ. ಅದ್ರಾಗೇನೈತೆ?"

ಅನಂತರಾಜು ನನ್ನ ಕೊರಳಪಟ್ಟಿ ಹಿಡಿದು ಬಗ್ಗಿದ. ಅಲ್ಲೇ ಕೆಟ್ಟ! ಪರದೆಯ ಮೇಲೆ ಅವನ ಮುಖದ ಸುತ್ತ ಎರಡನೇ ಚೌಕ ಮೂಡಿತು. ಅಷ್ಟು ಕೋಪದಲ್ಲೂ ಬರೀ 88.

"ಕಬ್ಬಾಳಮ್ಮನ... ಆಣೆಗೂ..."

97... 121... 146!

"ದಯವಿಟ್ಟು ವಿಶ್ರಾಂತಿ ತೆಗೆದುಕೊಳ್ಳಿ."

ಅಶ್ವಥ್ ಪರದೆ ನೋಡಿದ. ಯಜಮಾನನ ಮುಖ ನೋಡಿದ. ಜೀಪಿನ ಕೀ ಜೇಬಿಗಿಳಿಯಿತು. ಬಾಗಿಲ ಚಿಲಕ ಬಿತ್ತು.

"ಪೊಲೀಸ್ರಿಗೆ ಫೋನ್ ಮಾಡು ಇಸ್ರಾರಣ್ಣ," ಎಂದ ನನ್ನ ಹಗ್ಗ ಬಿಚ್ಚುತ್ತಾ. "ನಾಳೆ ಕೋರ್ಟಿಗೆ ನಾನೂ ಬತ್ತೀನಿ."

ಮಿಷನ್ ಹೇಳಿದ್ದನ್ನು ಅನಂತರಾಜು ಈಗ ಚಾಚೂ ತಪ್ಪದೆ ಪಾಲಿಸುತ್ತಿದ್ದಾನೆ... ಜೈಲಿನಲ್ಲಿ ಪೂರ್ತಿ ವಿಶ್ರಾಂತಿ!