ದೇವರ ಜಗಲಿಯ ಪಾಸ್‌ಪೋರ್ಟ್

ಪಾಸ್‌ಪೋರ್ಟ್ ಇರಲಿಲ್ಲ.

ಗಂಗೋತ್ರಿ ದೇವರ ಜಗಲಿಯ ಮೇಲೆ ನೋಡಿದಳು. ಕೆಳಗೆ ನೋಡಿದಳು. ಬಸವಣ್ಣನ ಮೂರ್ತಿಯನ್ನೇ ಎತ್ತಿ ನೋಡಿದಳು. ಮಿಂದ ತಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಮರುದಿನ ಬೆಳಿಗ್ಗೆ ಬೆಂಗಳೂರಿನಿಂದ ವಿಮಾನ. ವೀಸಾ ಅಂಟಿಸಿದ್ದು ಅದೇ ಪುಸ್ತಕದಲ್ಲಿ. ಅದು ಸಿಗದಿದ್ದರೆ ಹೇಗ್ ನಗರವೂ ಇಲ್ಲ, ಅಲ್ಲಿನ ಅಂತರರಾಷ್ಟ್ರೀಯ ಕಾನೂನಿನ ಬೇಸಿಗೆ ಶಾಲೆಯೂ ಇಲ್ಲ. ಆ ಶಾಲೆಗಾಗಿ ಅವಳು ವರ್ಷ ವರ್ಷ ಅರ್ಜಿ ಹಾಕಿ, ವರ್ಷ ವರ್ಷ ಅತ್ತು, ಈ ಸಲ ವಿದ್ಯಾರ್ಥಿವೇತನದೊಂದಿಗೆ ಆಯ್ಕೆಯಾಗಿದ್ದಳು.

ಕುರುಗೋಡು ಠಾಣೆಯ ಪಿಎಸ್ಐ ಮೀನಾಕ್ಷಿ ಹೆಡ್ ಕಾನ್‌ಸ್ಟೆಬಲ್ ಹುಲುಗಪ್ಪನ ಜೊತೆ ಬಂದಳು. ಬೀಗ ಒಡೆದಿರಲಿಲ್ಲ. ಕಪಾಟಿನ ಬಂಗಾರ ಕಪಾಟಿನಲ್ಲೇ ಇತ್ತು.

"ಬ್ಯಾಸಗಿ ರಜಾದಾಗ ಯಾರರ ಸಾಲಿಗೆ ಹೋಗ್ತಾರೇನವ್ವ?" ಎಂದ ಹುಲುಗಪ್ಪ. ಅವನಿಗೆ ಅದು ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಎಲ್ಲಾ ದೇಶದ ವಕೀಲರು ಬರ್ತಾರ್ರಿ. ಯುದ್ಧಕ್ಕ ಹೆದರಿ ಊರು ಬಿಟ್ಟೋರ ಹಕ್ಕಿನ ಬಗ್ಗೆ ಓದಾಕ ಹೊಂಟೀನಿ," ಎಂದಳು ಗಂಗೋತ್ರಿ.

ಮೀನಾಕ್ಷಿ ಜಗಲಿಗೆ ಬಗ್ಗಿದಳು. ಕಲ್ಲಿನ ಮೇಲೆ ತೆಳ್ಳಗೆ ವಿಭೂತಿ ಪುಡಿ ಹರಡಿತ್ತು. ಬಸವಣ್ಣನ ಮುಂದೆ ಪಾಸ್‌ಪೋರ್ಟಿನ ಅಳತೆಯ ಜಾಗ ಮಾತ್ರ ಸ್ವಚ್ಛ. ಅದರ ನಡುವೆ ಒಂದು ಚಿಟಿಕೆ ಅಕ್ಕಿ.

"ಈ ವಿಭೂತಿ?"

"ನಿನ್ನೆ ಸಂಜಿ ಪಾಸ್‌ಪೋರ್ಟ್ ಇಟ್ಟು ಅದರ ಮ್ಯಾಲ ನಾನ ಹಾಕಿದ್ದು. ಸುಸೂತ್ರ ಆಗ್ಲಿ ಅಂತ."

ಮೀನಾಕ್ಷಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಳು. "ಆಮ್ಯಾಲ ಯಾರ್ಯಾರು ಬಂದ್ರು?"

ಮೂವರು. ನಿನ್ನೆ ಸಂಜೆ ಶುಭ ಹೇಳಲು ಬಂದ ಅಮರೇಶ್, ಬಳ್ಳಾರಿ ಕೋರ್ಟಿನಲ್ಲಿ ಅವಳ ಜೊತೆಯ ಕಿರಿಯ ವಕೀಲ. ಅದೇ ಶಾಲೆಗೆ ಅರ್ಜಿ ಹಾಕಿ ಕಾಯುವವರ ಪಟ್ಟಿಯಲ್ಲಿ ನಿಂತವನು. ಇಂದು ಬೆಳಿಗ್ಗೆ ಕಸ ಮುಸುರೆಗೆ ಬಂದ ಬಾದನಹಟ್ಟಿಯ ಸಾವಂತ್ರಮ್ಮ. ಇನ್ನೊಬ್ಬಳು ಸ್ವಂತ ಅಕ್ಕ ಅರುಣಾ. ತಂಗಿಯನ್ನು ಕಳಿಸಿಕೊಡಲೆಂದು ಸಿರುಗುಪ್ಪದ ಗಂಡನ ಮನೆಯಿಂದ ಬಂದು, ಇಂದು ಬೆಳಗಿನ ಬಸ್ಸಿಗೆ ಹಿಂತಿರುಗಿದ್ದಳು.

ಮೀನಾಕ್ಷಿ ಅರುಣಾಗೆ ಫೋನು ಹಚ್ಚಿದಳು.

"ನಾ ಹೊರಡೋವಾಗ ಅಲ್ಲೇ ಇತ್ತಲ್ರಿ ಮೇಡಂ! ಕಣ್ಣಾರೆ ನೋಡೀನಿ. ಕೈ ಮುಗಿದು ಬಂದೀನಿ."

ಅಂದರೆ ಉಳಿದವಳು ಸಾವಂತ್ರಮ್ಮ. ಗಂಗೋತ್ರಿ ಬಚ್ಚಲಲ್ಲಿದ್ದಾಗ ಮನೆಯಲ್ಲಿದ್ದವಳು ಅವಳೊಬ್ಬಳೇ. ಹುಲುಗಪ್ಪ ಮೀಸೆ ತೀಡಿಕೊಂಡ. ಸಾವಂತ್ರಮ್ಮ ಕಸಬರಿಗೆ ಕೆಳಗೆ ಹಾಕಿ ಅಳಲು ಶುರು ಮಾಡಿದಳು.

"ನಾ ಪಡಸಾಲಿ ದಾಟಿಲ್ರಿ. ಆ ಪುಸ್ತಕ ತಗಂಡು ನಾ ಏನ್ ಮಾಡ್ಲಿ? ನನ್ನ ಮ್ಯಾಲ ಹೊರಿಸಬ್ಯಾಡ್ರಿ."

"ಅಳಬ್ಯಾಡಮ್ಮ. ಯಾರ ಮ್ಯಾಲೂ ಹೊರಿಸಾಕ ಬಂದಿಲ್ಲ," ಎಂದಳು ಮೀನಾಕ್ಷಿ. "ಗಂಗೋತ್ರಿ, ಜೀಪು ಹತ್ರಿ. ಮೊದಲು ಬಳ್ಳಾರಿ. ಅಮರೇಶನ್ನೂ ಒಂದು ಮಾತು ಕೇಳೋಣ."

*

ಬ್ರೂಸ್‌ಪೇಟೆಯ ಗದ್ದಲದಲ್ಲಿ ಜೀಪು ಆಮೆಯಂತೆ ತೆವಳಿತು. ಗಂಗೋತ್ರಿ ಗಡಿಯಾರ ನೋಡುವುದು, ಕಣ್ಣು ಮುಚ್ಚುವುದು, ಮತ್ತೆ ಗಡಿಯಾರ ನೋಡುವುದು. ಗಾಂಧಿನಗರದಲ್ಲಿ ಅಮರೇಶನ ಆಫೀಸಿನ ಮುಂದೆ ಅವಳನ್ನು ಜೀಪಿನಲ್ಲೇ ಬಿಟ್ಟು ಮೀನಾಕ್ಷಿ ಒಳಗೆ ಹೋದಳು.

ವಿಷಯ ಕೇಳಿ ಅಮರೇಶನ ಮುಖದ ಬಣ್ಣ ಇಳಿಯಿತು.

"ಆಕಿ ಹೋಗದಿದ್ರ ಸೀಟು ನಿಮಗ ಅಲ್ಲೇನ್ರಿ?"

"ಹಂಗಂತ ಯಾರ್ ಹೇಳಿದ್ರು?" ಅವನು ಮೊಬೈಲ್ ತೆಗೆದು ಆ ಶಾಲೆಯ ಸಂದೇಶ ತೋರಿಸಿದ. ಕಾಯುವವರ ಪಟ್ಟಿ ಯಾವತ್ತೋ ಮುಚ್ಚಿತ್ತು. "ನನಗ ವೀಸಾನೂ ಇಲ್ರಿ. ಗಂಗೋತ್ರಿ ನಿಂತ್ರ ಆ ಕುರ್ಚಿ ಖಾಲಿ ಇರ್ತೈತಿ, ಅಷ್ಟ. ಹೊಟ್ಟಿಕಿಚ್ಚು ಇಲ್ಲ ಅನ್ನಂಗಿಲ್ಲ. ನಿನ್ನೆ ರಾತ್ರಿ ನಿದ್ದಿ ಬರಲಿಲ್ಲ. ಆದ್ರ ಕದ್ದು ನನಗೇನು ಸಿಗ್ತೈತಿ?"

ಸಿಟ್ಟಿನ ಹಿಂದೆ ಸತ್ಯವಿತ್ತು. ಮೀನಾಕ್ಷಿ ಎದ್ದಳು. ಬಾಗಿಲಲ್ಲಿ ನಿಂತು ಕೇಳಿದಳು: "ನಿನ್ನೆ ಅಲ್ಲಿ ಏನರ ಹೊಸಾ ಅನ್ನಿಸ್ತಾ?"

ಅಮರೇಶ್ ಯೋಚಿಸಿದ. "ಮುಂದಿನ ತಿಂಗಳಿಂದ ಮನಿ ಬಾಡಿಗಿಗೆ ಕೊಡ್ತೀನಿ ಅಂದ್ಲು ಗಂಗೋತ್ರಿ. ಅಲ್ಲೇ ಮುಂದ ಓದಾಕ ಅವಕಾಶ ಸಿಕ್ರ ಉಳಿದುಬಿಡ್ತೀನಿ ಅಂದ್ಲು. ಅವರಕ್ಕ ಚಾ ತಂದಿದ್ರು. ಹಂಗ ತಟ್ಟಿ ಹಿಡ್ಕಂಡು ನಿಂತುಬಿಟ್ರು. ಚಾ ಆರಿ ಹೋತು."

*

"ಮನಿ ಬಾಡಿಗಿಗೆ ಕೊಡೋದು ಅಕ್ಕಗ ಮೊದಲ ಹೇಳಿದ್ರಾ?" ಜೀಪು ಹತ್ತುತ್ತ ಮೀನಾಕ್ಷಿ ಕೇಳಿದಳು.

"ಇಲ್ರಿ. ಹೇಳಾಕ ಬಾಯಿ ಬರಲಿಲ್ಲ. ನಿನ್ನೆ ಅಮರೇಶಗ ಹೇಳೋವಾಗ ಕೇಳಿಸ್ಕಂಡ್ಲು." ಗಂಗೋತ್ರಿ ಕಿಟಕಿಯ ಕಡೆ ತಿರುಗಿದಳು. "ಅಪ್ಪ ಅವ್ವ ಇಬ್ರೂ ಇಲ್ಲ. ಅಕ್ಕ ಬಂದು ಹೋಗೋವಾಗ ಉಡಿ ತುಂಬಾಕಿ ನಾನ. ಸಣ್ಣಾಕಿ ದೊಡ್ಡಾಕಿಗೆ ಉಡಿ ತುಂಬೋದು ನೋಡಿ ಓಣಿಯೋರು ಕಣ್ಣೀರು ಹಾಕ್ತಾರ."

"ಇವತ್ತೂ ತುಂಬಿದ್ರಾ?"

"ಹೂಂ. ತುಂಬಿ ಆಟೊ ಕರಿಯಾಕ ಹೋದೆ."

ಮೀನಾಕ್ಷಿ ತಟ್ಟನೆ ಮೊಬೈಲ್ ತೆಗೆದಳು. ಬೆಳಗಿನ ಫೋಟೊ ದೊಡ್ಡದು ಮಾಡಿದಳು. ಅವಳೂ ಕೊಟ್ಟ ಹೆಣ್ಣೇ. ಅವಳ ತವರಿನಲ್ಲೂ ಸೆರಗಿಗೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ ಕಳಿಸುತ್ತಾರೆ. ಪ್ರತಿ ಸಲ ಹೊರಡುವಾಗ ಅವಳೂ ಹೊಸ್ತಿಲಲ್ಲಿ ನಿಂತು ತಿರುಗಿ ನೋಡುತ್ತಾಳೆ. ಪೊಲೀಸಿನವಳು ಎಂದರೆ ತವರು ಬೇಡವೇ?

"ಹುಲುಗಪ್ಪನವರ, ಜೀಪು ಸಿರುಗುಪ್ಪಕ್ಕ ತಿರುಗಿಸ್ರಿ."

*

ಸಿರುಗುಪ್ಪದ ದಾರಿಯುದ್ದಕ್ಕೂ ಗದ್ದೆ, ಊರೊಳಗೆ ಬೇಯಿಸಿದ ಭತ್ತದ ವಾಸನೆ. ಅರುಣಾ ಬಾಗಿಲಿಗೆ ಬಂದಳು. ಜೀಪಿನಿಂದ ತಂಗಿ ಇಳಿಯುವುದನ್ನು ಕಂಡು ಅಲ್ಲೇ ನಿಂತಳು. ಆಮೇಲೆ ರೂಢಿಯಂತೆ ಮೂವರಿಗೂ ನೀರು ತಂದಳು. ಗಂಡ ರೈಸ್‌ಮಿಲ್ಲಿಗೆ ಹೋಗಿದ್ದ.

ಮೀನಾಕ್ಷಿ ಫೋಟೊ ಮುಂದೆ ಹಿಡಿದಳು.

"ಅರುಣಮ್ಮ, ತವರಿಂದ ಹೊರಡೋ ಹೆಣ್ಮಗಳು ಉಡಿ ಅಕ್ಕಿಯಾಗ ಒಂದು ಚಿಟಿಕಿ ದೇವರ ಮುಂದ ವಾಪಸ್ ಹಾಕಿ ಬರಬೇಕು. ತವರು ಬರಿದಾಗಬಾರದು, ತಾ ಮತ್ತ ಬರಬೇಕು ಅಂತ. ಹೌದಲ್ಲ?"

"ಹೌದ್ರಿ."

"ಇವತ್ತು ಹಾಕಿದ್ರಾ?"

"ಹಾಕದ ಹೆಂಗ ಬರ್ತೀನ್ರಿ?" ಅರುಣಾ ಹೇಳಿಬಿಟ್ಟಳು.

"ಅದ ಅಕ್ಕಿ ಇದು. ಪಾಸ್‌ಪೋರ್ಟ್ ಇದ್ದ ಜಾಗದಾಗ, ಬರೇ ಕಲ್ಲಿನ ಮ್ಯಾಲ ಐತಿ. ನೀವು ಹಾಕೋವಾಗ ಪಾಸ್‌ಪೋರ್ಟ್ ಅಲ್ಲಿದ್ರ ಅಕ್ಕಿ ಅದರ ಮ್ಯಾಲ ಬೀಳಬೇಕಿತ್ತು. ಆಮ್ಯಾಲ ಬಂದ ಕಳ್ಳ ಎತ್ತಿದ್ರ ಕಾಳು ಸುತ್ತಮುತ್ತ ವಿಭೂತಿಯಾಗ ಚೆಲ್ಲಬೇಕಿತ್ತು. ಸುತ್ತ ಒಂದು ಕಾಳಿಲ್ಲ. ಅಂದ್ರ ನೀವು ಅಕ್ಕಿ ಹಾಕೋವಾಗ ಪಾಸ್‌ಪೋರ್ಟ್ ಅಲ್ಲಿರಲಿಲ್ಲ. ಆದ್ರ ನೀವು ಕಣ್ಣಾರೆ ನೋಡೀನಿ ಅಂದ್ರಿ. ಅಮರೇಶ ತಗಂಡಿದ್ರ, ಸಾವಂತ್ರಮ್ಮ ತಗಂಡಿದ್ರ, ನೀವು ಸುಳ್ಳು ಹೇಳೋ ಜರೂರು ಏನಿತ್ತು?"

ಕದಿಯುವ ಹೊತ್ತಿನಲ್ಲೂ ತವರಿಗೆ ಅಕ್ಕಿ ಹಾಕುವುದನ್ನು ಮರೆಯದ ಕಳ್ಳಿಯನ್ನು ಹುಲುಗಪ್ಪ ತನ್ನ ನೌಕರಿಯಲ್ಲಿ ಕಂಡಿರಲಿಲ್ಲ. ಅವನು ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡ.

ಅರುಣಾ ಒಳಗೆ ಹೋದಳು. ದೇವರ ಮುಂದಿಟ್ಟಿದ್ದ ಉಡಿಯ ಗಂಟು ತಂದು ಬಿಚ್ಚಿದಳು. ಕೊಬ್ಬರಿ ಬಟ್ಟಲ ಕೆಳಗೆ, ಅಕ್ಕಿಯೊಳಗೆ, ನೀಲಿ ಪುಸ್ತಕ.

ಗಂಗೋತ್ರಿ ಕಸಿದುಕೊಂಡಳು. ಹಾಳೆ ತಿರುವಿ ವೀಸಾ ನೋಡಿದಳು. ಆಮೇಲೆ ಕೂಗಿದಳು: "ನನ್ನ ಜೀವನ ಹಾಳು ಮಾಡಾಕ ಹೊಂಟಿದ್ಯಲ್ಲ! ಪಾಪ ಆ ಸಾವಂತ್ರಮ್ಮನ ಮ್ಯಾಲ ಬರ್ತಿತ್ತು. ನೀ ಅಕ್ಕ ಏನು?"

"ತಪ್ಪಾತು. ವಿಮಾನ ಹೋದ ಮ್ಯಾಲ ತಂದು ಕೊಡಾಕಿದ್ದೆ." ಅರುಣಾ ನೆಲದ ಮೇಲೆ ಕುಸಿದಳು. "ಊರು ಬಿಟ್ಟೋರಿಗೆ ಹೋಗಾಕೂ ಹಕ್ಕೈತಿ, ತಿರುಗಿ ಬರಾಕೂ ಹಕ್ಕೈತಿ ಅಂತ ನೀನ ಓದಿ ಹೇಳಿದ್ಯಲ್ಲ ಗಂಗಿ. ನೀ ಹೋಗ್ತಿ. ಮನಿಗೆ ಬ್ಯಾರೆಯೋರು ಬರ್ತಾರ. ನಾ ಎಲ್ಲಿಗೆ ತಿರುಗಿ ಬರ್ಲಿ? ಈ ಮನ್ಯಾಗ ಎಲ್ಲಾ ಐತಿ. ಆದ್ರ ಮದುವಿಯಾದಾಗಿಂದ ಒಂದ ದಿನಾನೂ ಕುರುಗೋಡು ನೆನಸದ ಮಲಗಿಲ್ಲ ನಾ."

ಗಂಗೋತ್ರಿಗೆ ಸಿಟ್ಟು ಇಳಿದಿರಲಿಲ್ಲ. ಆದರೂ ಅಕ್ಕನ ಎದುರು ಕೂತಳು. ಇಬ್ಬರ ನಡುವೆ ಉಡಿಯ ಅಕ್ಕಿ ಹರಡಿತ್ತು.

"ಮನಿ ಕೊಡಂಗಿಲ್ಲ ಅಂತ ಸುಳ್ಳು ಹೇಳಾಕ ಬರಂಗಿಲ್ಲಕ್ಕ. ಬಂದ ಬರ್ತೀನಿ ಅಂತ ಮಾತೂ ಕೊಡಂಗಿಲ್ಲ. ನನಗ ಹೋಗಬೇಕು. ಆ ಊರು ನನ್ನ ಕನಸಿನಾಗ ಬಂದು ಬಂದು ಕಾಡೈತಿ." ಅವಳು ಕಣ್ಣೊರೆಸಿಕೊಂಡಳು. "ನಾ ಎಲ್ಲಿ ಇರ್ತೀನೋ ಅಲ್ಲಿಗೆ ನೀ ಬಾ. ಅಲ್ಲೇ ಉಡಿ ತುಂಬಿ ಕಳಿಸ್ತೀನಿ."

"ಹುಚ್ಚಿ. ಅಷ್ಟು ದೂರ ನಾ ಹೆಂಗ ಬರ್ಲಿ?"

"ಪಾಸ್‌ಪೋರ್ಟ್ ಮಾಡಿಸ್ಕಂಡು ಬಾ."

ಮೀನಾಕ್ಷಿ ಕೆಮ್ಮಿದಳು. "ಅಲ್ಲೊಂದು ಮಾತೈತಿ ವಕೀಲಮ್ಮ. ನೀವು ಕೇಸು ಹಾಕಿದ್ರ, ಇವರಿಗೆ ಪಾಸ್‌ಪೋರ್ಟ್ ಸಿಗೋದು ಕಷ್ಟ. ಏನ್ ಬರಿಲಿ?"

ಗಂಗೋತ್ರಿ ಅಕ್ಕನನ್ನೇ ನೋಡುತ್ತಿದ್ದಳು. "ಸಿಕ್ತು ಅಂತ ಬರ್ರಿ. ಅಷ್ಟ ಸಾಕು. ಸಾವಂತ್ರಮ್ಮಗ ಮಾತ್ರ ಈಕಿನ ಫೋನ್ ಮಾಡಿ ತಪ್ಪಾತು ಅನ್ನಬೇಕು."

ಅರುಣಾ ಅಲ್ಲೇ ಫೋನು ಮಾಡಿ, ಅತ್ತು, ತಪ್ಪೊಪ್ಪಿಕೊಂಡಳು. ಹೊತ್ತಾಗುತ್ತಿತ್ತು. ಗಂಗೋತ್ರಿ ಅಕ್ಕನನ್ನು ಒಮ್ಮೆ ಗಟ್ಟಿಯಾಗಿ ತಬ್ಬಿ ಜೀಪು ಹತ್ತಿದಳು. ಹುಲುಗಪ್ಪ ಗಾಡಿ ಚಾಲು ಮಾಡಿದ. ಅರುಣಾ ಓಡಿ ಬಂದು ಮೀನಾಕ್ಷಿಯ ಕಡೆಯ ಬಾಗಿಲು ಹಿಡಿದಳು.

"ಮೇಡಂ, ಪಾಸ್‌ಪೋರ್ಟ್ ಬರಾಕ ಎಷ್ಟು ದಿನ ಹಿಡಿತೈತ್ರಿ?"