ಹತ್ತು ದಿನದ ಬಣ್ಣ

“ಟೈಲರ್, ಒಂದ್ನಿಮಿಷ ಬರ್ತೀರಾ?”

ಮಹಡಿಯಿಂದ ಆ ದನಿ ಕೇಳಿದ ಕೂಡಲೇ ಅವನ ಕಾಲು ಪೆಡಲ್ ಮೇಲೆ ನಿಂತುಬಿಟ್ಟಿತು. ಪಕ್ಕದಲ್ಲಿ ಗುಂಡಿಗೆ ಕಾಜಾ ಹೊಲಿಯುತ್ತಿದ್ದ ಅವನ ಅಕ್ಕ ಕನ್ನಡಕದ ಮೇಲಿಂದ ನೋಡಿ ನಕ್ಕಳು. “ಹೋಗಪ್ಪ, ಹೋಗು. ಇಲ್ಲಾಂದ್ರೆ ಇವತ್ತೂ ತೋಳು ಉಲ್ಟಾ ಹೊಲಿದುಬಿಡ್ತೀಯ.”

ಮಹಡಿಯ ಕೋಣೆಯ ಕಲಾವಿದೆಯ ರೀತಿಯೇ ಬೇರೆ. ಏನು ಬರೆಯಬೇಕೆಂದು ಮೊದಲೇ ಯೋಚಿಸುವವಳಲ್ಲ. ಮನಸ್ಸಿಗೆ ಬಂದ ಒಂದು ಬಣ್ಣ ಬಳಿಯುವುದು, ಅದು ಇನ್ನೊಂದನ್ನು ಕೇಳುವವರೆಗೆ ಕಾಯುವುದು, ಮತ್ತೆ ಬಳಿಯುವುದು. ಅವಳ ಚಿತ್ರಗಳಲ್ಲಿ ಮರವಿಲ್ಲ, ಮುಖವಿಲ್ಲ. ಎಲ್ಲಿ ನಿಲ್ಲಿಸಬೇಕೆಂಬುದು ಮಾತ್ರ ಅವಳಿಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಎರಡು ವರ್ಷದಿಂದ ಕೆಳಗಿನ ಅಂಗಡಿಯ ಇವನನ್ನು ಕರೆಯುತ್ತಿದ್ದಳು. ಇವನು “ಸಾಕು” ಎಂದರೆ ಬ್ರಷ್ ತೊಳೆದಿಡುತ್ತಿದ್ದಳು.

“ಚಿತ್ರ ಗೊತ್ತಿರೋರು ಅರ್ಥ ಹುಡುಕ್ತಾರೆ. ನೀವು ಸುಮ್ನೆ ನೋಡ್ತೀರಿ,” ಎಂದಿದ್ದಳು ಒಮ್ಮೆ.

ಅವನು ನೋಡುತ್ತಿದ್ದುದು ಅರ್ಧ ಚಿತ್ರವನ್ನು, ಇನ್ನರ್ಧ ಅವಳ ಕಿವಿಯ ಹಿಂದೆ ಅಂಟಿದ ಬಣ್ಣವನ್ನು. ಅದನ್ನು ಹೇಳುವ ಧೈರ್ಯ ಎಲ್ಲಿಂದ ಬರಬೇಕು?

ಈಗಿನದು ಈ ಕೋಣೆಯ ಕೊನೆಯ ಚಿತ್ರ. ದೂರದ ಊರಿನ ಕಲಾಶಾಲೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಚಿತ್ರ ಮುಗಿದ ಮರುದಿನವೇ ಹೊರಡುತ್ತೇನೆಂದಿದ್ದಳು. ಹತ್ತು ದಿನದಿಂದ ಕರೆಯುತ್ತಿದ್ದಳು. ಹತ್ತು ದಿನವೂ ಅವನು ತಲೆ ಕೆರೆದುಕೊಂಡು, “ಇನ್ನೂ ಏನೋ ಕಮ್ಮಿ ಅನ್ಸುತ್ತೆ,” ಎನ್ನುತ್ತಿದ್ದ.

ಇವತ್ತು ಅವನು ಮೆಟ್ಟಿಲು ಹತ್ತಿ ಹೋಗಿ ಚಿತ್ರ ನೋಡಿದ. ಮೊದಲ ದಿನ ತಿಳಿಯಾಗಿದ್ದ ಹಳದಿ ಈಗ ನೀಲಿ, ಕಂದುಗಳ ಕೆಳಗೆ ಉಸಿರುಗಟ್ಟಿ ಕೂತಿತ್ತು. ಅವಳೂ ಸೋತುಹೋಗಿದ್ದಳು.

“ಇವತ್ತಾದ್ರೂ ಮುಗೀತಾ?”

“ಮೊದಲನೇ ದಿನವೇ ಮುಗಿದಿತ್ತು. ನಾನೇ ಸುಳ್ಳು ಹೇಳ್ದೆ. ಸಾಕು ಅಂದ್ರೆ ನೀವು ಹೊರಟುಹೋಗ್ತೀರಿ ಅಂತ...” ಅವನು ಕ್ಯಾನ್ವಾಸಿನತ್ತ ಕೈ ತೋರಿಸಿದ. “ನಿಮ್ ಚಿತ್ರ ಹಾಳು ಮಾಡ್ಬಿಟ್ಟೆ. ಮೇಲಿಂದೆಲ್ಲ ಕೆರೆದುಬಿಡಿ.”

ಅವಳು ಬಣ್ಣ ಕೆರೆಯುವ ಚಾಕು ತೆಗೆದುಕೊಂಡು ಕ್ಯಾನ್ವಾಸಿನ ಮುಂದೆ ನಿಂತಳು.

“ಕೆರೆಯಲ್ಲ,” ಎಂದು ಚಾಕು ಕೆಳಗಿಟ್ಟಳು. “ನಾನು ಇಲ್ಲೇ ಇರಲಿ ಅಂತ ನೀವು ಮಾಡಿದ್ದು ಇದೊಂದೇ. ಇದನ್ನೂ ಕೆರೆದ್ರೆ ನಂಗೇನು ಉಳಿಯುತ್ತೆ? ಆದ್ರೆ ಹೋಗೋದಂತೂ ಹೋಗ್ಲೇಬೇಕು. ಅಲ್ಲಿ ಸಾಕು ಅನ್ನೋರು ಯಾರು?”

“ಫೋಟೋ ಕಳಿಸಿ,” ಎಂದ ಅವನು, ಅಂಜುತ್ತಲೇ.

“ಫೋಟೋದಲ್ಲಿ ಬಣ್ಣ ಸರಿಯಾಗಿ ಬರಲ್ಲ.” ಅವಳ ಕಣ್ಣು ತುಂಬಿತ್ತು, ತುಟಿ ಮಾತ್ರ ನಗುತ್ತಿತ್ತು. “ಆ ಊರಲ್ಲೂ ಜನ ಬಟ್ಟೆ ಹೊಲಿಸ್ತಾರೆ ಕಣ್ರೀ.”

ಅವನು ಹೆಗಲ ಮೇಲಿನ ಅಳತೆ ಟೇಪು ತೆಗೆದು ಬೆರಳಿಗೆ ಸುತ್ತಿಕೊಂಡ. ಕೊನೆಗೆ, “ನಾನೂ ಬರ್ಲಾ?” ಎಂದ.

“ಬನ್ನಿ,” ಎಂದಳು. “ಒಬ್ಬಳೇ ಹೋಗೋಕೆ ನಂಗೂ ಮನಸ್ಸಿರಲಿಲ್ಲ.”